ಹರಿಯಾಣದ ‘ನಾಳೆ ಬಾ’ ಬಸ್ಸು

ಫೆಬ್ರವರಿಯ ಚಳಿಯಲ್ಲಿ, ಫರೀದಾಬಾದಿನ ಒಂದು ಬಸ್ ನಿಲ್ದಾಣದಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ ಹರಿಯಾಣದ ಮುದುಕರೊಬ್ಬರು ಖಾಲಿ ರಸ್ತೆಯ ಕಡೆ ನೋಡಿ ಹಿಂದಿಗೆ ಕನ್ನಡ ಬೆರೆಸಿ ಬೈದರು.

“ಕಹಾಂ ಮರ್ ಗಯೀ ಯೇ ನಾಳೆಬಾ!” ಎಲ್ಲಿ ಸತ್ತಿತೋ ಈ ನಾಳೆಬಾ!

ಕಿವಿಯನ್ನು ನಂಬಲಾಗಲಿಲ್ಲ. ಹರಿಯಾಣದವರ ನಾಲಿಗೆಗೆ ಳಕಾರ ಸಲೀಸು. ಆ ‘ಳೆ’ ನಮ್ಮ ದಾವಣಗೆರೆಯ ಓಣಿಯಲ್ಲಿ ಕೇಳಿದ ಹಾಗೇ ಇತ್ತು.

ನಾನು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹನ್ನೊಂದು ವರ್ಷದ ಹಿಂದೆ ಹೆಂಡತಿ ವನಜಾಳನ್ನು ಕರೆದುಕೊಂಡು ಬಂದೆ. ದೆಹಲಿಯ ಬಾಡಿಗೆ ಕೈಗೆಟುಕದೆ ಫರೀದಾಬಾದಿನ ಒಂದು ಸೆಕ್ಟರಿನಲ್ಲಿ ಮನೆ ಹಿಡಿದೆವು. ಬೆಳಿಗ್ಗೆ ನಾನು ಮೆಟ್ರೋ ಹತ್ತಿ ದೆಹಲಿಗೆ ಹೋದರೆ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದ ಅವಳು ಸಿಟಿ ಬಸ್ಸು ಹತ್ತಿ ಬೇರಿಂಗ್ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವುದು ಅವಳ ಕೆಲಸ.

ಮೊದಲ ವರ್ಷ ಬಹಳ ಅತ್ತಳು. ಇಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯಲಿಲ್ಲ ಎಂದು ಅತ್ತಳು. ಮಂಡಕ್ಕಿ ಸಿಕ್ಕಿದ ದಿನ, ಇದು ನಮ್ಮ ಮಂಡಕ್ಕಿ ಅಲ್ಲ ಎಂದು ಅತ್ತಳು. ಆಮೇಲೆ ಅಳು ನಿಂತಿತು. ಅಭ್ಯಾಸವಾಯಿತೋ, ಬೇಸತ್ತು ಸುಮ್ಮನಾದಳೋ, ನಾನು ಕೇಳಲಿಲ್ಲ. ಹೆಚ್ಚು ಮಾತಾಡುವ ಸ್ವಭಾವ ನನ್ನದಲ್ಲ.

ಡಿಸೆಂಬರಿನಲ್ಲಿ ಜ್ವರ ಬಂದು ಒಂಬತ್ತೇ ದಿನಕ್ಕೆ ಹೋಗಿಬಿಟ್ಟಳು. ಕಾರ್ಯಗಳಿಗೆಂದು ಊರಿಗೆ ಹೋದಾಗ ಅವಳ ತಾಯಿ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು: “ಅಲ್ಲಿ ನನ್ನ ಮಗಳಿಗೆ ಯಾರಿದ್ರಪ್ಪಾ?”

ಯಾರ ಹೆಸರೂ ನನಗೆ ಹೊಳೆಯಲಿಲ್ಲ. ಅಷ್ಟು ದೂರ ಕರೆತಂದು ಅವಳನ್ನು ಒಂಟಿ ಮಾಡಿದೆನೇ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ರೈಲಿನಲ್ಲಿ ವಾಪಸ್ ಬಂದೆ.

ಆ ಬೆಳಿಗ್ಗೆ ಹೊರಟಿದ್ದು ಕಾರ್ಖಾನೆಯಲ್ಲಿ ಉಳಿದಿದ್ದ ಅವಳ ಸಾಮಾನು ತರಲು. ಅವಳು ದಿನಾ ಕಾಯುತ್ತಿದ್ದ ನಿಲ್ದಾಣದಲ್ಲಿ ನಾನು ನಿಂತಿದ್ದು ಅದೇ ಮೊದಲು.

ನಮ್ಮ ಕಡೆ ಬಸ್ಸಿಗೆ ಬೈಯುವಾಗಲೂ ಮಾಲೀಕನ ಹೆಸರು ಹಿಡಿದು ಬೈಯುತ್ತೇವೆ. ಇಲ್ಲಿ ಜನ ಹೊಸದಾಗಿ ನಾಮಕರಣವನ್ನೇ ಮಾಡುತ್ತಾರೆ. ಎ.ಸಿ. ಬಸ್ಸಿಗೆ ‘ದಾಮಾದ್’ ಎನ್ನುತ್ತಾರೆ. ದಾಮಾದ್ ಅಂದರೆ ಅಳಿಯ. ತನಗೆ ಬೇಕೆನಿಸಿದಾಗ ಬರುತ್ತಾನೆ, ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಇನ್ನು ಮಾಮೂಲಿ ಸಿಟಿ ಬಸ್ಸಿಗೆ ಈ ನಿಲ್ದಾಣದಲ್ಲಿ ಇಟ್ಟ ಹೆಸರು ನಾಳೆಬಾ.

“ಆ ಮಾತು ಎಲ್ಲಿ ಕಲಿತಿರಿ, ತಾಊಜಿ?” ಎಂದು ಮುದುಕರನ್ನು ಕೇಳಿದೆ. ತಾಊ ಅಂದರೆ ದೊಡ್ಡಪ್ಪ. ಹರಿಯಾಣದಲ್ಲಿ ಹಿರಿಯರನ್ನೆಲ್ಲ ಹಾಗೇ ಕರೆಯುವುದು.

ಉತ್ತರ ಬಂದದ್ದು ಪಕ್ಕದಲ್ಲಿದ್ದ ಹೆಂಗಸಿನಿಂದ. ಹೆಸರು ಸರೋಜ್, ಹೊಲಿಗೆ ಕಾರ್ಖಾನೆಯ ಕೆಲಸದವಳು. “ನಮ್ಮ ವನಜಾ ದೀದಿ ಇಟ್ಟ ಹೆಸರು ಭಯ್ಯಾ. ಅವರ ಊರಲ್ಲಿ ದೆವ್ವ ಬರದ ಹಾಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಾರಂತೆ. ಓದಿಕೊಂಡು ದೆವ್ವ ವಾಪಸ್ ಹೋಗತ್ತಂತೆ. ನಮ್ಮ ನಿಲ್ದಾಣದ ಕಂಬಕ್ಕೂ ಯಾರೋ ಅದನ್ನೇ ಬರೆದಿರಬೇಕು, ಅದಕ್ಕೇ ಬಸ್ಸು ಇತ್ತ ಸುಳಿಯಲ್ಲ ಅಂತಿದ್ದರು.”

ತಾಊಜಿ ನಕ್ಕರು. “ಈಗ ಮುಂದಿನ ಎರಡು ನಿಲ್ದಾಣದಲ್ಲೂ ಹಾಗೇ ಅಂತಾರೆ. ಮೊನ್ನೆ ಕಂಡಕ್ಟರೇ ಅಂದ, ಚಲೋ ಚಲೋ, ನಾಳೆಬಾ ಹೊರಡತ್ತೆ ಅಂತ!”

ನನ್ನ ಹೆಂಡತಿಯ ಮಾತು ಒಂದು ಊರಿನಲ್ಲಿ ಓಡಾಡಿಕೊಂಡಿತ್ತು. ನಾನು ಬೆರಗಾಗಿ ನಿಂತೆ.

“ಎರಡು ತಿಂಗಳಾಯ್ತು, ಕಾಣ್ತಿಲ್ಲ. ಊರಿಗೆ ಹೋಗಿರಬೇಕು,” ಎಂದಳು ಸರೋಜ್. “ಗಂಡ ದೆಹಲಿಯಲ್ಲಿ ಬಾಬು. ಅವರ ಬಾಯಿ ಮೆಟ್ರೋ ಗೇಟಿನ ಹಾಗಂತೆ, ಕಾರ್ಡ್ ತೋರಿಸದೆ ತೆಗೆಯಲ್ವಂತೆ!”

ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ಬಂತು. ಎಷ್ಟೋ ದಿನಗಳ ಮೇಲೆ.

“ಆ ಬಾಬು ನಾನೇ,” ಎಂದೆ. ಉಳಿದದ್ದನ್ನೂ ಹೇಳಿದೆ.

ಸರೋಜ್ ದುಪಟ್ಟಾದ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಊಜಿ ತಲೆ ತಗ್ಗಿಸಿದರು. “ಯಮರಾಜನಿಗೆ ಓದು ಬರೋದಿಲ್ಲ, ಬೇಟಾ,” ಎಂದರು.

ಅಷ್ಟರಲ್ಲಿ ಬಸ್ಸು ಬಂತು. ಮುಕ್ಕಾಲು ಗಂಟೆಯಿಂದ ಶಪಿಸುತ್ತಾ ಕಾದಿದ್ದ ಬಸ್ಸು. ಬೇರೆಯವರು ಹತ್ತಿದರು. ಸರೋಜ್ ಕಂಡಕ್ಟರನಿಗೆ ಹೋಗು ಎಂದು ಕೈ ಬೀಸಿದಳು. ತಾಊಜಿ ತಲೆಯನ್ನೇ ಎತ್ತಲಿಲ್ಲ. ಇಬ್ಬರೂ ಹೋಗಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಹೋಗಲಿಲ್ಲ. ಖಾಲಿಯಾದ ಬೆಂಚಿನ ಮೇಲೆ ನನ್ನನ್ನು ನಡುವೆ ಕೂರಿಸಿಕೊಂಡರು.

ನನಗೆ ಗೊತ್ತಿಲ್ಲದ ವನಜಾಳ ಬಗ್ಗೆ ಅವರು ಹೇಳತೊಡಗಿದರು. ಅವಳ ಹಿಂದಿಯಲ್ಲಿ ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗುತ್ತಿತ್ತಂತೆ. ತಾಊಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಾಗ ತಿಂಗಳಿಡೀ ಕೈ ಹಿಡಿದು ಬಸ್ಸು ಹತ್ತಿಸಿದಳಂತೆ. ಸರೋಜಳ ಮಗಳು ಪಾಲಿಟೆಕ್ನಿಕ್ ಸೇರಿದ್ದು ಇವಳ ಹಟದಿಂದಂತೆ. ಸಂಜೆ ಮನೆಗೆ ಬಂದು ಇದರಲ್ಲಿ ಒಂದನ್ನಾದರೂ ನನಗೆ ಹೇಳಿದ್ದಳೇ? ಹೇಳಿರಬಹುದು. ನನಗೆ ನೆನಪಿಲ್ಲ, ಅದೇ ನನ್ನ ದುಃಖ. ಹನ್ನೊಂದು ವರ್ಷದಿಂದ ಈ ಊರಿಗೆ ಹೊರಗಿನವನಾಗಿ ಉಳಿದಿದ್ದವನು ನಾನೊಬ್ಬನೇ.

ಮುಂದಿನ ಬಸ್ಸು ಬಂದಾಗ ಸರೋಜ್ ಕಣ್ಣೊರೆಸಿಕೊಂಡು ಎದ್ದಳು. ಮೊದಲು ನಾನು ಅವಳಿಗೆ ಭಯ್ಯಾ. ತರಕಾರಿ ಮಾರುವವರನ್ನೂ, ಆಟೋದವರನ್ನೂ ಇಲ್ಲಿ ಹಾಗೇ ಕರೆಯುತ್ತಾರೆ. ಈಗ ಮೆಟ್ಟಿಲ ಮೇಲೆ ನಿಂತು ಹಿಂದೆ ತಿರುಗಿ, “ಆಯಿಯೇ, ಜೀಜಾಜಿ,” ಎಂದಳು. ಬನ್ನಿ ಭಾವ.

ಊರ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಸಿಕ್ಕರೆ ಹೋಗುತ್ತೇನೆ. ಅತ್ತೆಯ ಎದುರು ಕೂತು, ನಿಮ್ಮ ಮಗಳಿಗೆ ಅಲ್ಲಿ ಜನ ಇದ್ದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಬೇಕು. ಆದರೆ ಅತ್ತೆಗೆ ಇದ್ದದ್ದು ವನಜಾ ಒಬ್ಬಳೇ. ಊರಿನಲ್ಲಿ ನನ್ನನ್ನು ಭಾವ ಎಂದು ಕರೆಯುವವರು ಯಾರೂ ಇಲ್ಲ.