ಸೊಸೆಯನ್ನು ಹೊಗಳಲು ಹೋದದ್ದು

ಆಗ ನನಗೆ ಅರವತ್ತೆಂಟು. ಇದಾಗಿ ಮೂರು ವರ್ಷವಾಯಿತು. ಇದರ ತಲೆಬುಡ ನನಗೆ ಈಗಲೂ ಅರ್ಥವಾಗಿಲ್ಲ.

ನಮ್ಮದು ಸಾಸಲು ಕಡೆಯ ಹಳ್ಳಿ. ಸೊಸೆ ಭಾಗ್ಯ ದಿನಾ ಬಸ್ಸು ಹಿಡಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಹೊಲಿಗೆ ತಪ್ಪಿತೆಂದು ಸೂಪರ್‌ವೈಸರ್ ಎಲ್ಲರೆದುರು ಬಟ್ಟೆಯನ್ನು ಅವಳ ಮುಖಕ್ಕೆ ಎಸೆದನಂತೆ. ಮನೆಗೆ ಬಂದು ಮಲಗಿದವಳು ಏಳಲೇ ಇಲ್ಲ. ಜ್ವರವಿಲ್ಲ, ನೋವಿಲ್ಲ. ತಲೆ ಬಾಚುತ್ತಿರಲಿಲ್ಲ, ಎರಡು ತುತ್ತು ಉಂಡರೆ ಹೆಚ್ಚು. ಯಾವಾಗಲೂ ಗೋಡೆ ಕಡೆಗೇ ಮುಖ. ಎದ್ದೇಳು ಅಂತ ಬೈದೆ. "ನಾನು ಯಾತಕ್ಕೂ ಬರಲ್ಲ ಅತ್ತೆ. ನಾನಿಲ್ದಿದ್ರೇ ನಿಮಗೆಲ್ಲ ಒಳ್ಳೇದು" ಅಂದಳು. ಆ ಮಾತಿಗೆ ನನಗೆ ಹೆದರಿಕೆಯಾಯಿತು. ಮಗ ಲಾರಿ ತೆಗೆದುಕೊಂಡು ಹುಬ್ಬಳ್ಳಿ ಕಡೆ ಹೋಗಿದ್ದ. ನಾನೇ ಆಟೋ ಕರೆಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆಮೇಲೆ ಒಂದು ಹುಡುಗಿ ಭಾಗ್ಯನನ್ನು ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿಸಿದಳು. ಮಾತಾಡಿಸುವುದೇ ಅವಳ ಕೆಲಸವಂತೆ. ಕೊನೆಗೆ ನನ್ನೊಬ್ಬಳನ್ನೇ ಕರೆದಳು.

"ಅಜ್ಜಿ, ಭಾಗ್ಯ ಅವರಿಗೆ ತಮ್ಮ ಮೇಲೆ ತಮಗೇ ಗೌರವ ಹೋಗ್ಬಿಟ್ಟಿದೆ. ಮನೇಲಿ ಅವರನ್ನ ಯಾರಾದ್ರೂ ಹೊಗಳ್ತೀರಾ?"

"ಮನೆಯೋರನ್ನ ಮನೆಯೋರೇ ಹೊಗಳ್ತಾರೇನವ್ವ? ದೃಷ್ಟಿ ಆಗಲ್ವಾ?" ಅಂದೆ.

ಅವಳು ನಕ್ಕಳು. "ಹೋಗ್ಲಿ, ನಿಮ್ಮ ಬಗ್ಗೆ ನಿಮಗೆ ಏನನ್ಸುತ್ತೆ? ನಾನು ಒಳ್ಳೆಯವಳು ಅಂತ ಅನ್ಸಲ್ವಾ?"

"ಅದನ್ನ ಊರೋರು ಹೇಳ್ಬೇಕು. ಅವರು ಹೇಳಲ್ಲ."

"ಸರಿ ಅಜ್ಜಿ. ಆದ್ರೆ ಸೊಸೇನ ಮಾತ್ರ ದಿನಕ್ಕೊಂದು ಸಲನಾದ್ರೂ ಹೊಗಳಿ."

ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ನಾನು ಒಳ್ಳೆಯವಳೋ ಅಲ್ಲವೋ ಅಂತ ಹುಟ್ಟಿದಾಗಿನಿಂದ ಕೇಳಿಕೊಂಡವಳಲ್ಲ. ನಮ್ಮತ್ತೆ ನನ್ನನ್ನು ಕರೆದದ್ದೇ ದಂಡಪಿಂಡ ಅಂತ. ನಮ್ಮ ಯಜಮಾನರು ಅದಕ್ಕಿಂತ ಕೆಟ್ಟದಾಗಿ ಕರೆಯುತ್ತಿದ್ದರು. ಬೈಸಿಕೊಂಡು ಹೋಗಿ ಹಾಲು ಕರೆಯುತ್ತಿದ್ದೆ. ಆ ಹುಡುಗಿಯ ಲೆಕ್ಕದಲ್ಲಿ ನನಗೂ ಆ ಗೌರವ ಇಲ್ಲ. ಹಾಗಾದರೆ ನಾನು ಯಾಕೆ ಮಲಗಲಿಲ್ಲ? ಅಥವಾ ನನಗೂ ಆ ಕಾಯಿಲೆ ಇದ್ದು, ಮಲಗಲು ಪುರುಸೊತ್ತು ಸಿಗಲಿಲ್ಲವೋ ಏನೋ.

ಆದರೂ ಓದಿದ ಹುಡುಗಿ ಹೇಳಿದ್ದಾಳೆ, ಮಾಡಿ ನೋಡೋಣ ಅಂದುಕೊಂಡೆ. ಸಂಜೆ ಅವಳ ಚಾಪೆಯ ಪಕ್ಕ ಕೂತೆ. ಹೊದಿಕೆ ಸರಿಮಾಡುತ್ತಾ, "ನೀನು ಮಾಡೋ ಸಾರು ಚೆನ್ನಾಗಿರುತ್ತೆ ಕಣೆ. ನಿನ್ನ ಕೈ ಕೆಲಸಾನೂ ನೀಟು" ಅಂದೆ. ಅಂದ ಕೂಡಲೇ ಎಲ್ಲಿ ದೃಷ್ಟಿಯಾಗುತ್ತದೋ ಅಂತ ಥೂ ಥೂ ಅಂದು ನೆಟಿಗೆ ಮುರಿದೆ.

ಭಾಗ್ಯ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

"ಯಾಕತ್ತೆ, ನಾನು ಉಳಿಯಲ್ಲ ಅಂತ ಡಾಕ್ಟ್ರು ಹೇಳಿದ್ರಾ?"

"ಇಲ್ಲ ಕಣೆ."

"ಮತ್ತೆ ತವರಿಗೆ ಕಳಿಸ್ಬಿಡ್ತೀರಾ?"

"ಯಾರೂ ಎಲ್ಲಿಗೂ ಕಳಿಸಲ್ಲ. ಹೊಗಳಿ ಅಂತ ಆ ಹುಡುಗಿ ಹೇಳಿದ್ಲು, ಹೊಗಳ್ದೆ."

ಅವಳಿಗೆ ನಗು ಬಂತು. ನಗುನಗುತ್ತಲೇ ಅಳು ಬಂತು. "ಹೊಗಳ್ಬೇಡಿ ಅತ್ತೆ. ನಾಳೆ ಸಾರು ಕೆಟ್ರೆ ಏನ್ಮಾಡ್ಲಿ ಅಂತ ಭಯ ಆಗುತ್ತೆ. ನಾನು ಒಳ್ಳೆಯವಳಾ, ಕೆಟ್ಟವಳಾ, ಹಗಲೂ ರಾತ್ರಿ ತಲೇಲಿ ಅದೇ. ನನ್ನ ಯೋಚ್ನೆಯಿಂದ ನಂಗೆ ಒಂಚೂರು ಬಿಡುವು ಬೇಕು."

ಆ ಹುಡುಗಿ ನೋಡಿದರೆ ತನ್ನ ಮೇಲೆ ತನಗೆ ಗೌರವ ಬರಬೇಕು ಅನ್ನುತ್ತಾಳೆ. ಇವಳು ನೋಡಿದರೆ ತನ್ನ ಸುದ್ದಿಯೇ ಬೇಡ ಅನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ಭಾಗ್ಯ ಈಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾಳೆ. ಮಾತಾಡಿಸುವ ಹುಡುಗಿಯ ಹತ್ತಿರವೂ ಆಗಾಗ ಹೋಗಿ ಬರುತ್ತಾಳೆ, ಹೋಗಿ ಬಂದರೆ ಹಗುರ ಅನ್ನುತ್ತಾಳೆ. ಮಾತ್ರೆಯಿಂದ ಎದ್ದಳೋ, ಮಾತಿನಿಂದಲೋ, ದಿನ ಕಳೆದು ತಾನಾಗಿ ಎದ್ದಳೋ ಅವಳಿಗೂ ಗೊತ್ತಿಲ್ಲ. ಒಂದೇ ದಿನಕ್ಕಂತೂ ಏಳಲಿಲ್ಲ. ನನ್ನ ಮೇಲೆ ನನಗೆ ಗೌರವ ಇದೆಯಾ ಅಂತ ನಾನೂ ಒಮ್ಮೊಮ್ಮೆ ಒಲೆ ಮುಂದೆ ಕೂತು ಕೇಳಿಕೊಳ್ಳುತ್ತೇನೆ. ಉತ್ತರ ಹೊಳೆಯುವುದರೊಳಗೆ ಹಾಲು ಉಕ್ಕುತ್ತದೆ.

ಆಗ ನಾನು ಮಾಡಿದ್ದು ಇಷ್ಟೇ. ಅದು ಅವರೆಕಾಯಿ ಕಾಲ. ಹೊಗಳಬೇಡಿ ಅಂದಳಲ್ಲ, ಆ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಎದ್ದವಳೇ ಬೋಗುಣಿಯನ್ನು ಅವಳ ಚಾಪೆಯ ಹತ್ತಿರಕ್ಕೆ ಎಳೆದುಕೊಂಡು ಸಿಪ್ಪೆಯಿಂದ ಬೇಳೆ ಹಿತುಕಲು ಕೂತೆ. ಬಾ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗಿಂದ ಒಂದು ಕೈ ಬಂತು. ಅವಳು ಹಿತುಕಿದ ಮೊದಲ ಬೇಳೆ ಸಿಡಿದು ನನ್ನ ಸೀರೆ ಮೇಲೆ ಬಿತ್ತು. ಚೆನ್ನಾಗಿ ಹಿತುಕಿದೆ ಅನ್ನಲಿಲ್ಲ, ಕೆಡಿಸಿದೆ ಅಂತಲೂ ಅನ್ನಲಿಲ್ಲ. ಬೋಗುಣಿಯನ್ನು ಇನ್ನೊಂದಿಷ್ಟು ಅವಳ ಕಡೆಗೆ ನೂಕಿದೆ.