ಶರಣಪ್ಪ ಕಟ್ಟಿದ ಗಣಿ

ಶರಣಪ್ಪ ಕಂಪ್ಯೂಟರಿನಲ್ಲಿ ಆಟ ನೋಡುತ್ತಿರಲಿಲ್ಲ, ತೆರೆಯ ಮೂಲೆಯಲ್ಲಿದ್ದ ಅಂಕಿ ನೋಡುತ್ತಿದ್ದ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂದು ಹೇಳುವ ಅಂಕಿ ಅದು. ಏರಿದರೆ ಎಲ್ಲವೂ ಸರಾಗ, ಇಳಿದರೆ ಎಲ್ಲವೂ ಮುಗ್ಗರಿಸುತ್ತಿತ್ತು. ಇಳಿದಾಗ ಇವನು ಉಸಿರು ಬಿಗಿಹಿಡಿದು ಕೂರುತ್ತಿದ್ದ, ಪಕ್ಕದಲ್ಲಿ ಚಹಾ ಆರಿ ಕೆನೆಗಟ್ಟುತ್ತಿತ್ತು. “ಉಸರರ ಬಿಡೊ ಮಹಾರಾಯ” ಎಂದು ನಾನು ಗದರುತ್ತಿದ್ದೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಶಹಾಬಾದಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ನನಗಿಂತ ಚಿಕ್ಕವನಾದ ಶರಣಪ್ಪ ಅಲ್ಲಿನ ಮಶೀನುಗಳನ್ನು ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ, ಹಟ ಬಹಳ. ಕೆಟ್ಟುಹೋದ ಮೌಸನ್ನೂ ಎಸೆಯಲು ಬಿಡುತ್ತಿರಲಿಲ್ಲ. “ಇರ್ಲಿ ಮೇಡಂ, ಇದರಾಗಿನ ಒಂದ್ ಸ್ಕ್ರೂ ಅರ ಕೆಲಸಕ್ಕ ಬರ್ತದ” ಎನ್ನುತ್ತಿದ್ದ.

ಆಟ ಕಟ್ಟುವ ಸಾಫ್ಟ್‌ವೇರೊಂದನ್ನು ಹೇಗೋ ಸಂಪಾದಿಸಿ ಅವನು ಕಟ್ಟುತ್ತಿದ್ದುದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ. ಅದೂ ಅಣ್ಣ ಮಲ್ಲಣ್ಣನಿಗಾಗಿ. ವಯಸ್ಸೆಲ್ಲ ಗಣಿಯಲ್ಲಿ ಹಾರೆ ಹಾಕಿ ಕಲ್ಲು ಎಬ್ಬಿಸಿದ ಮಲ್ಲಣ್ಣನ ಎದೆಯೊಳಗೆ ಕಲ್ಲಿನ ಧೂಳು ಕೂತುಬಿಟ್ಟಿತ್ತು. ಗುಲ್ಬರ್ಗಾದ ವೈದ್ಯರು ಕೈಚೆಲ್ಲಿದ್ದರು. “ಒಮ್ಮಿ ಗಣಿಗಿ ಹೋಗಿ ಬರಬೇಕಲ್ಲೊ” ಎನ್ನುವುದೇ ಅವನ ಜಪ. ಹೊಸ್ತಿಲು ದಾಟಲಾರದವನನ್ನು ಎಲ್ಲಿಗೆ ಒಯ್ಯುವುದು? ಗಣಿಯನ್ನೇ ಅವನ ಮಂಚದ ಬಳಿ ತರುತ್ತೇನೆಂದು ತಮ್ಮ ಹೊರಟಿದ್ದ.

ಆದರೆ ಗಣಿ ಓಡಲೊಲ್ಲದು. ಈಗ ಗುಂಡಿ ಒತ್ತಿದರೆ ಹಾರೆ ಇನ್ನಾವಾಗಲೋ ಏಳುತ್ತಿತ್ತು. ಶರಣಪ್ಪ ನೆರಳು ತೆಗೆದ, ಹುಲ್ಲು ತೆಗೆದ, ದೂರದ ಚಿಮಣಿಯ ಹೊಗೆ ತೆಗೆದ. ಅಂಕಿ ಏರಲಿಲ್ಲ. ಒಂದು ಮಧ್ಯಾಹ್ನ ನನಗೇ ಸಿಟ್ಟು ಬಂತು.

“ನೆಲದ ಕೆಳಗ ಏನರ ಇಟ್ಟೀಯೇನು?”

“ಪದರ ಅವ ರಿ. ತಳದ ತನಕ ಕಟ್ಟೀನಿ.”

“ಕಾಣಂಗೇ ಇಲ್ಲಲ್ಲ!”

“ಕಾಣಂಗಿಲ್ಲ ಅಂದ್ರ ಇರಂಗಿಲ್ಲೇನ್ರಿ? ಗಣಿ ಅದ ಅದು.”

ಕಲ್ಲು ಎಬ್ಬಿಸುವವರ ಮನೆಯವನು ಮಾತ್ರ ಮಾಡಬಹುದಾದ ತಪ್ಪು. ಬೇರೆಯವರಾಗಿದ್ದರೆ ಮೇಲಿನ ನೆಲ ಬಿಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಅಣ್ಣನನ್ನು ಕೇಳಿ ಕೇಳಿ, ನೀಲಿ ಪದರ, ಹಳದಿ ಪದರ, ಮುಟ್ಟಿದರೆ ಒಡೆಯುವ ಪದರ ಎಂದು ಪ್ರತಿ ಕಲ್ಲನ್ನೂ ಬಿಡಿಬಿಡಿಯಾಗಿ ಕಟ್ಟಿದ್ದ. ಕಾಣದ ಆ ಕಲ್ಲುಗಳನ್ನೆಲ್ಲ ಬಡ ಮಶೀನು ಪ್ರತಿ ಕ್ಷಣವೂ ಲೆಕ್ಕ ಹಾಕುತ್ತಿತ್ತು.

ಅಣ್ಣನ ಉಸಿರು ದಿನದಿನಕ್ಕೆ ಕುಗ್ಗುತ್ತಿತ್ತು. ಶರಣಪ್ಪ ಒಲ್ಲದ ಮನಸ್ಸಿನಿಂದ ಕೆಳಗಿನ ಪದರಗಳನ್ನು ತೆಗೆದ. ಗಣಿ ಸರಾಗ ಓಡಿತು. ಮಶೀನನ್ನು ಆಟೋದಲ್ಲಿಟ್ಟುಕೊಂಡು ಇಬ್ಬರೂ ಮನೆಗೆ ಹೋದೆವು. ದಿಂಬಿಗೊರಗಿದ ಮಲ್ಲಣ್ಣ ಗುಂಡಿ ಒತ್ತಿದ. ಹಾರೆ ಎದ್ದಿತು, ಕಲ್ಲೂ ಎದ್ದಿತು. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಎದ್ದ ಕಲ್ಲಿನ ಕೆಳಗೆ ಬರೀ ಬಿಳಿ ಬಯಲಿತ್ತು.

“ತಮ್ಮಾ, ಕೆಳಗ ಏನೂ ಇಲ್ಲಲ್ಲೊ. ಇದು ನಮ್ಮ ಗಣಿ ಅಲ್ಲ” ಎಂದು ಮಲ್ಲಣ್ಣ ಗೋಡೆಯ ಕಡೆ ಹೊರಳಿದ. ಶರಣಪ್ಪ ವೈರು ಸುತ್ತತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ, ಹೊರಗೆ ಬಂದು ನಿಂತೆ.

ಮರುದಿನ ಅವನು ಮತ್ತೆ ಕೂತ. ಪದರ ಹಾಕಿದರೆ ಮಶೀನು ನಿಲ್ಲುತ್ತಿತ್ತು, ತೆಗೆದರೆ ಓಡುತ್ತಿತ್ತು. ಮಲ್ಲಣ್ಣ ಕಾಯಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ.

ಕೆಲವು ವಾರಗಳ ನಂತರ ಶರಣಪ್ಪನಿಗೆ ವಾಡಿ ಪಟ್ಟಣದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ನನ್ನನ್ನು ಕರೆದ. “ಕುಂದ್ರಿ ಮೇಡಂ. ಎಬ್ಬಸ್ರಿ.” ಕಲ್ಲು ಎಬ್ಬಿಸಿದೆ. ಅದರ ಕೆಳಗೆ ನೀಲಿ ಪದರ, ಅದನ್ನೂ ಎಬ್ಬಿಸಿದರೆ ಹಳದಿ. ಅಂಕಿ ಒಂದಿಷ್ಟೂ ಇಳಿಯಲಿಲ್ಲ.

“ಮ್ಯಾಲಿನ ಕಲ್ಲು ಎದ್ದಾಗಷ್ಟೇ ಕೆಳಗಿಂದು ಬರೋ ಹಂಗ ಮಾಡೀನಿ. ಇಷ್ಟೇ ಇತ್ರಿ” ಎಂದ.

ಕಲ್ಲು ಏಳುವ ಸಪ್ಪಳ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಆಮೇಲೆ ನಾನವನನ್ನು ಎಂದೂ ನೋಡಲಿಲ್ಲ, ಆ ಮಾತನ್ನು ಕೇಳಬಾರದಿತ್ತು ಅನಿಸುತ್ತದೆ.

“ಒಂದೊಂದ್ ಪದರಕ್ಕ ಒಂದೊಂದ್ ಸಪ್ಪಳ ಇರ್ತದಂತ್ರಿ” ಎಂದ ಶರಣಪ್ಪ, ಅಂಕಿಯ ಕಡೆ ನೋಡುತ್ತಲೇ. “ಅಣ್ಣಗ ಕೇಳೋದು ಉಳದಿತ್ತು.”