ಚಿಕ್ತಾಯಮ್ಮ ತಂದ ಬಟ್ಟೆ

ಎಪ್ಪತ್ತರ ದಶಕದ ಕೊನೆಗೆ ನಾನು ಮಂಡ್ಯದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮಳವಳ್ಳಿ ಕಡೆಯ ಚಿಕ್ತಾಯಮ್ಮ ಎಂಬಾಕೆಗೆ ಅಂಡಾಶಯದ ಕ್ಯಾನ್ಸರು. ಹೊಟ್ಟೆಯಲ್ಲಿ ತುಂಬಿದ, ಕ್ಯಾನ್ಸರಿನ ಕಣಗಳಿದ್ದ ನೀರು ತೆಗೆದು ಪರೀಕ್ಷೆಗೆ ನನ್ನ ಹತ್ತಿರ ಕಳಿಸುತ್ತಿದ್ದರು. ಎಮ್ಮೆ ಮಾರಿ ಹಾಕಿಸಿಕೊಂಡ ಇಂಜೆಕ್ಷನ್ನು ಕೆಲಸ ಮಾಡಿರಲಿಲ್ಲ. ಡಾಕ್ಟರು ಅದಕ್ಕಿಂತ ದುಬಾರಿಯದನ್ನು ಬರೆದಿದ್ದರು.

ಒಂದು ದಿನ ಆಯಮ್ಮ ಗೋಡೆ ಹಿಡಿದುಕೊಂಡು ಲ್ಯಾಬಿಗೇ ಬಂದಳು.

"ಬಿತ್ತೋಕ್ಮುಂಚೆ ಒಂದಿಡಿ ಬತ್ತವ ಒದ್ದೆ ಬಟ್ಟೇಲಿ ಕಟ್ಟಿ, ಮೊಳಕೆ ಬತ್ತದಾ ಅಂತ ನೋಡಲ್ವಾ? ಅಂಗೇ ನನ್ ನೀರ್ಗೆ ಒಂದ್ ತೊಟ್ಟು ಔಸ್ದಿ ಬುಟ್ಟು ನೋಡಪ್ಪ. ಆಗಿಬರ್ದಿದ್ರೆ ಇನ್ನೊಂದೆಮ್ಮೆ ಮಾರೋದಾದ್ರೂ ತಪ್ತದೆ."

ಸೊಂಟಕ್ಕೆ ಸಿಕ್ಕಿಸಿದ್ದ, ಒಗೆದು ಮಡಿಸಿದ ಪಂಚೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಬಟ್ಟೆ ನಾನೇ ತಂದಿವ್ನಿ."

"ಅಂಥ ಪರೀಕ್ಷೆ ಎಲ್ಲೂ ಇಲ್ಲ, ಹೋಗಮ್ಮ" ಎಂದು ರೇಗಿದೆ.

"ಇಲ್ದಿದ್ರೆ ನೀನೇ ಮಾಡ್ಬುಡು" ಎಂದು ಬಟ್ಟೆ ಬಿಟ್ಟೇ ಹೋದಳು. ಮತ್ತೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ರೋಗಿಗೆ ಕೊಡುವ ಮೊದಲು ಅವರ ಗಡ್ಡೆಯ ಚೂರಿನ ಮೇಲೆ ಔಷಧಿ ಹಾಕಿ ನೋಡುವ ಪರೀಕ್ಷೆ ಬಂದಿದೆ ಎಂದು ಓದಿದೆ. ಆಯಮ್ಮ ಈಗ ಗೋಡೆ ಹಿಡಿದುಕೊಂಡು ಬರಬಾರದೇ ಎಂದು ಜೀವ ಹಂಬಲಿಸಿತು. ಆದರೆ ಅದರ ಬೆಲೆ ಕೇಳಿದ್ದರೆ ಖಂಡಿತ ಜಗಳಕ್ಕೆ ನಿಲ್ಲುತ್ತಿದ್ದಳು: "ಬಟ್ಟೆ ನಾನೇ ತಂದಿದ್ನಲ್ಲಪ್ಪ, ಅಷ್ಟ್ಯಾಕೆ?"